ಮಾರ್ಜಾರಶೌಚ

ಬೆಕ್ಕಿಗೆ ಸಂಸ್ಕೃತದಲ್ಲಿ ಹೆಸರುಗಳು ಹಲವು. ಬಿಡಾಲ, ಓತು, ಆಖುಭುಕ್, ವೃಷದಂಶಕ, ಮಾರ್ಜಾರ ಎಂಬ ಐದನ್ನು ಅಮರಸಿಂಹನು ಒಂದೆಡೆಯಲ್ಲಿ ಕೂಡಿಸಿಟ್ಟಿದ್ದಾನೆ. ಇವುಗಳಲ್ಲಿ ಆಖುಭುಕ್ ಎಂಬುದು ಅದರ ಆಹಾರವನ್ನು ಹೇಳುವ ಹೆಸರು. ಇಲಿಯನ್ನು ತಿನ್ನುವುದರಿಂದ ಬಂದುದು. ಮಾರ್ಜಾರ ಎಂಬುದಾದರೋ ಅದರ ಶೀಲವನ್ನು ಹೇಳುವ ಹೆಸರು. ಒರೆಸು, ತೊಳೆ, ಶುದ್ಧಿಮಾಡು ಎಂಬರ್ಥದ ಮೃಜ್ ಧಾತುವಿನಿಂದ ಅದು ಹುಟ್ಟಿದೆ. ತನ್ನ ಮೈಯನ್ನು ತಾನೇ ಸದಾ ಒರೆಸಿಕೊಳ್ಳುವ ಪ್ರಾಣಿಯೆಂದು ತಾತ್ಪರ್ಯ. ಮಾರ್ಜನ, ಪರಿಮಾರ್ಜನ ಮೊದಲಾದ ಶಬ್ದಗಳೂ, ಪೊರಕೆಗೆ ಹೆಸರಾದ ಸಮ್ಮಾರ್ಜನಿಯೂ ಇದೇ ಧಾತುವಿನ ಸಂತಾನ. ಆದುದರಿಂದ ವ್ಯಾಕರಣದ ದೃಷ್ಟಿಯಲ್ಲಿ ಒಲೆಯ ಬಳಿಯ ಬೆಕ್ಕಿಗೂ ಮೂಲೆಯ ಪೊರಕೆಗೂ ದಾಯಾದಿ ಸಂಬಂಧವುಂಟು. ಈ ಧಾತುವಿಗೆ ಅದಾದಿಗಣದಲ್ಲಿ ಶುದ್ಧಿಯೆಂದೂ, ಚುರಾದಿಗಣದಲ್ಲಿ ಶೌಚ ಮತ್ತು ಅಲಂಕಾರವೆಂದೂ ಅರ್ಥ ಹೇಳಿದ್ದಾರೆ. ಬೆಕ್ಕು ನೆಕ್ಕಿಕೊಳ್ಳುವುದು ಶೌಚಕ್ಕೋ ಅಲಂಕಾರಕ್ಕೋ ಎಂಬುದನ್ನು ವೈಯಾಕರಣರು ಬೆಕ್ಕಿಗೇ ಬಿಟ್ಟಿದ್ದಾರೆ. ಆದರೆ ನೆಕ್ಕುವಿಕೆಗೆ ಮೂರನೆಯ ಅರ್ಥವೊಂದಿದೆ. ಅದು ನೋವು. ಆ ಅರ್ಥವು ಯಾವ ಧಾತುಪಾಠದಲ್ಲಿಯೂ ದೊರೆಯದು. ಅದನ್ನು ಬೆಕ್ಕಿನ ಮೈಯಲ್ಲಿಯೇ ಓದಿಕೊಳ್ಳಬೇಕು.

ಮೊದಲು ಸಹಜವಾದುದನ್ನು ನೋಡಿದ ಹೊರತು ಅಸಹಜವಾದುದು ತಿಳಿಯುವುದಿಲ್ಲ. ಬೆಕ್ಕಿನ ನಾಲಗೆಯು ಕೈಗೆ ಅರದಂತೆ ಒರಟಾಗಿ ತಗಲುವುದನ್ನು ಬೆಕ್ಕು ಸಾಕಿದವರೆಲ್ಲರೂ ಬಲ್ಲರು. ಆ ಒರಟುತನಕ್ಕೆ ಕಾರಣ ಅದರ ಮೇಲಿರುವ, ಗಂಟಲಿನ ಕಡೆಗೆ ಬಾಗಿದ ಸಣ್ಣ ಮುಳ್ಳುಗಳು. ಈ ಮುಳ್ಳುಗಳ ತುದಿಯಲ್ಲಿ ಸೌಟಿನಂತಹ ಕುಳಿಯಿದೆಯೆಂದೂ, ಆ ಕುಳಿಯು ಜೊಲ್ಲನ್ನು ತಾನಾಗಿಯೇ ಹೀರಿಕೊಂಡು ರೋಮದ ಬುಡದವರೆಗೆ ಕೊಂಡೊಯ್ಯುತ್ತದೆಯೆಂದೂ ಅಮೆರಿಕದ ಜಾರ್ಜಿಯ ತಂತ್ರವಿದ್ಯಾಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹೂ ಎಂಬವರು 2018ರಲ್ಲಿ ಪ್ರಕಟಿಸಿದರು. ಮನೆಯ ಬೆಕ್ಕಿನಿಂದ ಹಿಡಿದು ಸಿಂಹದವರೆಗೆ ಅವರು ಪರೀಕ್ಷಿಸಿದ ಆ ಕುಲದ ನಾಲಗೆಗಳೆಲ್ಲವೂ ಇದೇ ಬಗೆಯವು. ಹೀಗೆ ಬೆಕ್ಕಿಗೆ ಬಾಚಣಿಗೆಯೂ ನೀರಿನ ತಂಬಿಗೆಯೂ ಒಂದೇ ಅಂಗದಲ್ಲಿ ಒದಗಿವೆ. ನೆಕ್ಕುವುದರಿಂದ ಕೊಳೆ ಹೋಗುತ್ತದೆ. ಸತ್ತ ಕೂದಲು ಉದುರುತ್ತದೆ. ಜೊಲ್ಲು ಆರುವಾಗ ಬೇಸಗೆಯ ಕಾವು ಇಳಿಯುತ್ತದೆ. ಚಿಗಟಗಳೂ ಕಡಮೆಯಾಗುತ್ತವೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಇಬ್ಬರು ವಿದ್ವಾಂಸರು ಚಿಗಟವಿದ್ದ ಮನೆಯ ಕೆಲವು ಬೆಕ್ಕುಗಳ ಕೊರಳಿಗೆ ಅಗಲವಾದ ಪಟ್ಟಿಯನ್ನು ಕಟ್ಟಿ, ನೆಕ್ಕಲಾಗದಂತೆ ಮಾಡಿ ನೋಡಿದರು. ಮೂರು ವಾರಗಳ ತರುವಾಯ ಅವುಗಳ ಮೈಯಲ್ಲಿ, ಪಟ್ಟಿಯಿಲ್ಲದ ಬೆಕ್ಕುಗಳಲ್ಲಿದ್ದುದಕ್ಕಿಂತ ಸುಮಾರು ಎರಡರಷ್ಟು ಚಿಗಟಗಳಿದ್ದುವು. ಇದು 2000ನೆಯ ಇಸವಿಯಲ್ಲಿ ಪ್ರಕಟವಾದ ಸಂಗತಿ.

ಇಷ್ಟು ಉಪಯುಕ್ತವಾದ ಅಭ್ಯಾಸವು ಎಲ್ಲಿ ವ್ಯಾಧಿಯಾಗುತ್ತದೆ? ಇದಕ್ಕೆ ಉತ್ತರವಾಗಿ ಒಂದು ಮನೆಯ ವೃತ್ತಾಂತವನ್ನು ಹೇಳುವುದು ಲೇಸು.

ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ, ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಕಲಿಸಿ ನಿವೃತ್ತರಾದ ಪಂಡಿತರೊಬ್ಬರಿದ್ದಾರೆ. ಅವರ ಮನೆಯಲ್ಲಿ ಚಿನ್ನಿ ಎಂಬ ಹೆಣ್ಣು ಬೆಕ್ಕು. ಬಿಳಿಯ ಮೈ; ಬೆನ್ನಿನ ಮೇಲೆ ಎರಡು ಕರಿಯ ಮಚ್ಚೆ. ಅದನ್ನು ಮರಿಯಾಗಿದ್ದಾಗ ತಂದು ಸಾಕಿದವರು ಪಂಡಿತರ ಪತ್ನಿ. ಪಂಡಿತರಿಗೂ ಬೆಕ್ಕಿಗೂ ಅಷ್ಟಾಗಿ ಸ್ನೇಹವಿರಲಿಲ್ಲ. ಓದುವ ಪುಸ್ತಕದ ಮೇಲೆಯೇ ಬಂದು ಮಲಗುವ ಪ್ರಾಣಿಯೊಡನೆ ಪಂಡಿತನಾದವನಿಗೆ ಸ್ನೇಹವೆಂತು? ಆ ತಾಯಿ ಒಂದು ಮಳೆಗಾಲದಲ್ಲಿ ಕೆಲವು ದಿನಗಳ ಜ್ವರದಿಂದ ತೀರಿಕೊಂಡರು. ಕ್ರಿಯಾಕರ್ಮಗಳು ಮುಗಿದು, ಬಂದ ಬಂಧುಗಳೆಲ್ಲರೂ ಹೊರಟುಹೋದ ಮೇಲೆ ಆ ದೊಡ್ಡ ಮನೆಯಲ್ಲಿ ಉಳಿದವರು ಇಬ್ಬರೇ, ಪಂಡಿತರು ಮತ್ತು ಚಿನ್ನಿ.

ಎರಡು ಮೂರು ತಿಂಗಳಾಗುವಷ್ಟರಲ್ಲಿ ಚಿನ್ನಿಯ ನಡತೆ ಬೇರೆಯಾಯಿತು. ಅದು ಹಗಲೆಲ್ಲ ತೀರಿಹೋದ ಯಜಮಾನಿಯ ಕೋಣೆಯಲ್ಲಿ, ಅವರ ಹಾಸಿಗೆಯ ಮೇಲೆ ಮಲಗಿರುತ್ತಿತ್ತು. ಎದ್ದಾಗ ನೆಕ್ಕಿಕೊಳ್ಳುತ್ತಿತ್ತು. ಹೊಟ್ಟೆಯನ್ನು, ತೊಡೆಯ ಒಳಭಾಗವನ್ನು, ಬಾಲದ ಬುಡವನ್ನು ಒಂದೇ ಸಮನೆ ನೆಕ್ಕಿ, ನಡುನಡುವೆ ಹಲ್ಲಿನಿಂದ ಕೂದಲನ್ನು ಕೀಳುತ್ತಿತ್ತು. ಕರೆದರೆ ತಲೆಯೆತ್ತಿ ನೋಡಿ ಮತ್ತೆ ನೆಕ್ಕತೊಡಗುತ್ತಿತ್ತು. ಹೊಟ್ಟೆಯ ಕೂದಲು ತೆಳುವಾಗಿ, ಆಮೇಲೆ ಪೂರ್ತಿ ಹೋಗಿ, ಎಳೆಗೆಂಪು ಚರ್ಮವು ಕಾಣಿಸಿಕೊಂಡಿತು.

ಪಂಡಿತರು ಇದನ್ನು ನೋಡಿ ತಮ್ಮಷ್ಟಕ್ಕೆ ತಾವೇ ನಿರ್ಣಯಕ್ಕೆ ಬಂದರು. ಅವರು ಮೂವತ್ತು ವರ್ಷಗಳ ಕಾಲ ಶಾಕುಂತಲದ ನಾಲ್ಕನೆಯ ಅಂಕವನ್ನು ಪಾಠ ಹೇಳಿದವರು. ಶಕುಂತಲೆಯು ಆಶ್ರಮವನ್ನು ಬಿಟ್ಟು ಹೊರಡುವಾಗ ಜಿಂಕೆಗಳು ಬಾಯಿಯ ದರ್ಭೆಯನ್ನು ಬಿಟ್ಟುವು, ನವಿಲುಗಳು ಕುಣಿತವನ್ನು ನಿಲ್ಲಿಸಿದುವು ಎಂಬುದನ್ನು ಕಣ್ಣಲ್ಲಿ ನೀರು ತಂದುಕೊಂಡು ವಿವರಿಸಿದವರು. ಮೂಕಪ್ರಾಣಿಗೂ ಅಗಲಿಕೆಯ ದುಃಖವುಂಟೆಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ. ತಾವು ಹೊರಗೆ ತೋರಿಸಲಾರದ ಶೋಕವನ್ನು ಈ ಬೆಕ್ಕು ತನ್ನ ಮೈಯ ಮೇಲೆಯೇ ತೋರಿಸುತ್ತಿದೆಯೆಂದು ಅವರು ಭಾವಿಸಿದರು. ನೆರೆಯವರು ಬಂದು, "ಬೆಕ್ಕಿಗೆ ಏನಾಗಿದೆ?" ಎಂದು ಕೇಳಿದರೆ, "ಅದಕ್ಕೂ ದುಃಖ" ಎಂದು ಹೇಳಿ ಸುಮ್ಮನಾಗುತ್ತಿದ್ದರು. ಅದುವರೆಗೆ ದೂರವಿದ್ದ ಪ್ರಾಣಿಯ ಮೇಲೆ ಅವರಿಗೆ ಹೊಸದಾಗಿ ಮಮತೆ ಹುಟ್ಟಿತು. ಚರ್ಮವು ಕೆಂಪೇರಿದುದನ್ನು ಕಂಡು ತೆಂಗಿನೆಣ್ಣೆಯಲ್ಲಿ ಕರ್ಪೂರವನ್ನು ಅರೆದು ಹಚ್ಚಿದರು. ಬೆಕ್ಕು ಅದನ್ನು ನೆಕ್ಕಿ, ಬಾಯಲ್ಲಿ ಜೊಲ್ಲು ಸುರಿಸುತ್ತ ಒಂದು ಹಗಲು ಮೂಲೆಯಲ್ಲಿ ಕುಳಿತಿತು. ಹೆದರಿ ಆ ಚಿಕಿತ್ಸೆಯನ್ನು ನಿಲ್ಲಿಸಿದರು. ಹೀಗೆ ನಾಲ್ಕು ತಿಂಗಳುಗಳು ಕಳೆದುವು.

ಸಂಕ್ರಾಂತಿಯ ತರುವಾಯ ಮಗಳು ತವರಿಗೆ ಬಂದಳು. ಬೆಕ್ಕನ್ನು ಎತ್ತಿ ನೋಡಿ, ಹೊಟ್ಟೆಯ ಮೇಲೆ ಸಾಲಾಗಿ ಎದ್ದಿದ್ದ ಸಣ್ಣ ಹುಣ್ಣುಗಳನ್ನು ಕಂಡು, ತಂದೆಯೊಡನೆ ವಾದಿಸದೆ, ಅದನ್ನು ಒಂದು ಬಿದಿರು ಬುಟ್ಟಿಯಲ್ಲಿಟ್ಟುಕೊಂಡು ತಾಲ್ಲೂಕಿನ ಪಶುವೈದ್ಯಶಾಲೆಗೆ ಹೊರಟಳು. ಪಂಡಿತರೂ ಜತೆಯಲ್ಲಿ ಹೋದರು. ಅಲ್ಲಿಯ ವೈದ್ಯರು ತರುಣ ವಯಸ್ಸಿನ ಹೆಣ್ಣುಮಗಳು. ಪಂಡಿತರು ಹೇಳಿದ ದುಃಖವೃತ್ತಾಂತವನ್ನೆಲ್ಲ ಆಕೆ ಸಮಾಧಾನದಿಂದ ಕೇಳಿದಳು. ಕೇಳಿ, "ಇರಬಹುದು, ಆದರೆ ಮನಸ್ಸಿನ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳೋಣ. ಮೊದಲು ಚರ್ಮ" ಎಂದಳು.

ಆಕೆ ಮಾಡಿದ ಪರೀಕ್ಷೆಗಳು ಸರಳವಾದುವು. ಬೋಳಾದ ಸ್ಥಳದ ಅಂಚಿನಿಂದ ನಾಲ್ಕು ಕೂದಲನ್ನು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ತುದಿಗಳು ಮುರಿದಿದ್ದುವು. ಕೂದಲು ತಾನಾಗಿ ಉದುರಿದ್ದರೆ ತುದಿಯು ಮೊನಚಾಗಿಯೇ ಉಳಿಯುತ್ತದೆ. ಮುರಿದಿದ್ದರೆ ಅದು ನಾಲಗೆಯ ಮತ್ತು ಹಲ್ಲಿನ ಕೆಲಸ. ಈ ಭೇದವು ಅಲ್ಪವೆಂದು ತೋರಬಹುದು. ಆದರೆ ಹಿಂದೆ ಬಹುಕಾಲ ಬೆಕ್ಕಿನ ಹೊಟ್ಟೆ ಪಕ್ಕೆಗಳು ಎರಡು ಕಡೆಯೂ ಸಮನಾಗಿ ಬೋಳಾದುದನ್ನು ಕಂಡು, ಇದು ಶರೀರದೊಳಗಿನ ಗ್ರಂಥಿರಸಗಳ ದೋಷವೆಂದು ಭಾವಿಸಿ ಗ್ರಂಥಿರಸಗಳನ್ನೇ ಔಷಧವಾಗಿ ಕೊಡುತ್ತಿದ್ದರು. ಬೆಕ್ಕು ಮರೆಯಲ್ಲಿ ನೆಕ್ಕುವ ಪ್ರಾಣಿ. ಯಜಮಾನನ ಕಣ್ಣಿಗೆ ಅದು ಬೀಳದೆ ಇರುವುದುಂಟು. ಆದುದರಿಂದ "ನಮ್ಮ ಬೆಕ್ಕು ನೆಕ್ಕುವುದೇ ಇಲ್ಲ" ಎಂಬ ಸಾಕ್ಷ್ಯಕ್ಕಿಂತ ಮುರಿದ ಕೂದಲಿನ ಸಾಕ್ಷ್ಯವೇ ದೊಡ್ಡದು. ಮಲದಲ್ಲಿಯೂ ವಾಂತಿಯಲ್ಲಿಯೂ ಕೂದಲಿನ ಉಂಡೆಗಳು ಹೆಚ್ಚಾಗಿ ಕಾಣುವುದು ಮತ್ತೊಂದು ಸಾಕ್ಷ್ಯ.

ಬಳಿಕ ಆಕೆ ಹೇನುಬಾಚಣಿಗೆಯಂತಹ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬೆಕ್ಕಿನ ಬೆನ್ನನ್ನೂ ಬಾಲದ ಬುಡವನ್ನೂ ಬಾಚಿ, ಬಂದ ಕರಿಯ ಕಣಗಳನ್ನು ಒದ್ದೆಮಾಡಿದ ಬಿಳಿಯ ಕಾಗದದ ಮೇಲೆ ಉದುರಿಸಿದಳು. ಸ್ವಲ್ಪ ಹೊತ್ತಿನಲ್ಲಿ ಒಂದೊಂದು ಕಣದ ಸುತ್ತಲೂ ಕಾವಿಯ ಬಣ್ಣವು ಹರಡಿತು. ಮಣ್ಣಾಗಿದ್ದರೆ ಹಾಗೆ ಹರಡುತ್ತಿರಲಿಲ್ಲ. ಅದು ಚಿಗಟದ ಮಲ. ಎಂದರೆ ಚಿಗಟವು ಕುಡಿದು ಬಿಟ್ಟ ಬೆಕ್ಕಿನ ರಕ್ತ. "ಇದರ ಮೈಯಲ್ಲಿ ಒಂದು ದಿನವೂ ಚಿಗಟವನ್ನು ಕಂಡಿಲ್ಲ" ಎಂದು ಪಂಡಿತರು ಆಕ್ಷೇಪಿಸಿದರು. ವೈದ್ಯೆ ನಕ್ಕು, ಕಾಣದಿರುವುದು ಆಶ್ಚರ್ಯವಲ್ಲವೆಂದು ತಿಳಿಸಿದಳು. ಇಂತಹ ಮೊಕದ್ದಮೆಯಲ್ಲಿ ಫಿರ್ಯಾದಿಯೇ ಅಪರಾಧಿಯನ್ನು ಹಿಡಿದು ನುಂಗಿಬಿಡುತ್ತಾನೆ; ಸಾಕ್ಷಿಗೆ ಏನು ಉಳಿದೀತು? ಚಿಗಟದ ಜೊಲ್ಲು ಒಗ್ಗದ ಬೆಕ್ಕಿಗೆ ಚಿಗಟಗಳ ಸೈನ್ಯವೇನೂ ಬೇಕಾಗಿಲ್ಲ. ಒಂದೆರಡರ ಕಡಿತವೂ ಬಹುದಿನಗಳ ಕೆರೆತಕ್ಕೆ ಸಾಕು. ಅತಿಯಾಗಿ ನೆಕ್ಕುವ ಬೆಕ್ಕುಗಳಲ್ಲಿ ತೀರ ಸಾಮಾನ್ಯವಾಗಿ ಕಂಡುಬರುವ ಕಾರಣಗಳಲ್ಲಿ ಇದೊಂದು.

ಉಳಿದ ಕಾರಣಗಳೂ ಇವೆ. ತಿನ್ನುವ ಆಹಾರದಲ್ಲಿ ಯಾವುದೋ ಒಂದು ಒಗ್ಗದಿರುವುದು; ಧೂಳು, ಪರಾಗ ಮೊದಲಾದುವು ಒಗ್ಗದಿರುವುದು; ಕಣ್ಣಿಗೆ ಕಾಣದ ಹುಳುಗಳು; ಹುಳುಕಡ್ಡಿಯನ್ನು ಉಂಟುಮಾಡುವ ಬೂಷ್ಟು. ಚರ್ಮದಲ್ಲಿ ಏನೂ ಇಲ್ಲದೆ ಒಳಗಿನ ನೋವಿನಿಂದಲೂ ನೆಕ್ಕುವುದುಂಟು. ಮೂತ್ರಕೋಶವು ಉರಿಗೊಂಡ ಬೆಕ್ಕು ಹೊಟ್ಟೆಯ ಕೆಳಭಾಗವನ್ನು ನೆಕ್ಕುತ್ತದೆ. ಕೀಲುನೋವಿನ ಮುದಿ ಬೆಕ್ಕು ನೋಯುವ ಕೀಲಿನ ಮೇಲೆಯೇ ನೆಕ್ಕುತ್ತದೆ. ಮನುಷ್ಯನು ನೋವಿರುವಲ್ಲಿ ಕೈಯಿಟ್ಟುಕೊಳ್ಳುವಂತೆ ಬೆಕ್ಕು ನಾಲಗೆಯನ್ನಿಡುತ್ತದೆ.

ಇವೆಲ್ಲವನ್ನೂ ಬಿಟ್ಟು ಮನೋವ್ಯಾಧಿಯೆಂದು ಹೇಳಿಬಿಡುವ ಪ್ರಮಾದವು ಪಂಡಿತರೊಬ್ಬರದಲ್ಲ. ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ 2006ರಲ್ಲಿ ಒಂದು ಪರಿಶೋಧನೆ ಪ್ರಕಟವಾಯಿತು. ಮನಸ್ಸಿನ ಕಾರಣದಿಂದಲೇ ಮೈಯನ್ನು ಬೋಳು ಮಾಡಿಕೊಳ್ಳುತ್ತಿವೆಯೆಂದು ಶಂಕಿಸಿದ್ದ 21 ಬೆಕ್ಕುಗಳನ್ನು ಆರಿಸಿ, ಚರ್ಮ, ಆಹಾರ, ಕ್ರಿಮಿ ಇವೆಲ್ಲವನ್ನೂ ಕ್ರಮವಾಗಿ ಪರೀಕ್ಷಿಸಿದರು. ಅವುಗಳಲ್ಲಿ 16ಕ್ಕೆ ಶರೀರದ ಕಾರಣವೇ ಸಿಕ್ಕಿತು. ಇನ್ನು 3ರಲ್ಲಿ ಶರೀರ ಮನಸ್ಸು ಎರಡೂ ಕೂಡಿದ್ದುವು. ಕೇವಲ ಮನಸ್ಸಿನದು ಎನ್ನಬಹುದಾದವು 2 ಮಾತ್ರ. ಬೆಕ್ಕಿನ ಮನಸ್ಸನ್ನು ಊಹಿಸುವುದು ಸುಲಭ, ಅದರ ಚರ್ಮವನ್ನು ಪರೀಕ್ಷಿಸುವುದು ಶ್ರಮ. ಆದುದರಿಂದಲೇ ಜನರು ಮೊದಲನೆಯದನ್ನು ಮೊದಲು ಮಾಡುತ್ತಾರೆ.

ವೈದ್ಯೆಯು ಬೆಕ್ಕು ಮಲಗುವ ಸ್ಥಳವನ್ನು ವಿಚಾರಿಸಿದಳು. ಹೆಂಡತಿಯ ಹಾಸಿಗೆಯನ್ನು ಅಂದಿನಿಂದ ಯಾರೂ ಮುಟ್ಟಿಲ್ಲವೆಂದೂ, ಆ ಕೋಣೆಯನ್ನು ಹಾಗೆಯೇ ಬಿಟ್ಟಿದೆಯೆಂದೂ ಪಂಡಿತರು ಹೇಳಿದರು. ಮಗಳು ಅಲ್ಲಿಯೇ ತಲೆ ತಗ್ಗಿಸಿದಳು. ಆ ತಾಯಿ ಬದುಕಿದ್ದಾಗ ಪ್ರತಿ ಶನಿವಾರವೂ ಹಾಸಿಗೆ ದಿಂಬುಗಳನ್ನು ಮಹಡಿಗೆ ಹೊತ್ತು ಬಿಸಿಲಿಗೆ ಹಾಕುತ್ತಿದ್ದರು. ಮಂಚದ ಕೆಳಗೆ ಮೂಲೆಮೂಲೆಯೂ ಬಿಡದೆ ಗುಡಿಸುತ್ತಿದ್ದರು. ಅವರು ಹೋದ ಮೇಲೆ ಪೊರಕೆಯು ಆ ಕೋಣೆಯ ಹೊಸ್ತಿಲನ್ನು ದಾಟಿರಲಿಲ್ಲ. ಪಂಡಿತರು ಗೌರವದಿಂದ ಕಾಪಾಡಿದ ಆ ಕೋಣೆಯಲ್ಲಿ ಚಿಗಟದ ವಂಶವು ನಿರ್ವಿಘ್ನವಾಗಿ ಬೆಳೆದಿತ್ತು.

ಚಿಗಟದ ಜೀವನಕ್ರಮವನ್ನು ತಿಳಿದವರಿಗೆ ಇದು ಸಹಜವೆಂದು ತೋರುತ್ತದೆ. ಬೆಕ್ಕಿನ ಮೈಮೇಲೆ ಇಟ್ಟ ಮೊಟ್ಟೆಗಳು ಅಲ್ಲಿ ನಿಲ್ಲದೆ, ಅದು ಮಲಗುವಲ್ಲಿ ಉದುರುತ್ತವೆ. ಮೊಟ್ಟೆಯೊಡೆದ ಮರಿಹುಳುಗಳು ಬೆಳಕಿಗೆ ಅಂಜಿ ಹಾಸಿಗೆಯ ಮಡಿಕೆಯಲ್ಲಿಯೂ ನೆಲದ ಬಿರುಕಿನಲ್ಲಿಯೂ ಸೇರಿ, ಮೇಲಿನಿಂದ ಉದುರುವ ಆ ಒಣಗಿದ ರಕ್ತದ ಕಣಗಳನ್ನೇ ತಿಂದು ಬೆಳೆಯುತ್ತವೆ. ಆಮೇಲೆ ಗೂಡು ಕಟ್ಟಿಕೊಂಡು, ಪ್ರಾಣಿಯೊಂದು ಬಳಿಗೆ ಬರುವವರೆಗೆ ತಿಂಗಳುಗಟ್ಟಲೆ ಕಾಯಲೂ ಬಲ್ಲವು. ಮೈಮೇಲಿರುವ ಚಿಗಟವು ವಂಶದ ಸಣ್ಣ ಪಾಲು. ದೊಡ್ಡ ಪಾಲು ಮನೆಯ ನೆಲದಲ್ಲಿದೆ. ಬಿಸಿಲಿನ ಒಣಶಾಖವೂ ಪೊರಕೆಯೂ ಈ ಮೊಟ್ಟೆ ಮರಿಗಳ ಪರಮಶತ್ರುಗಳು. ಆ ಗೃಹಿಣಿಗೆ ಈ ಶಾಸ್ತ್ರವೇನೂ ತಿಳಿದಿರಲಿಲ್ಲ. ಅದರ ಫಲವು ಮಾತ್ರ ಅವರ ಕೈಯಲ್ಲಿತ್ತು. ಹೀಗೆ ಬೆಕ್ಕಿನ ವ್ಯಾಧಿಗೆ ಆ ಮರಣವು ಕಾರಣವಾದುದು ನಿಜವೇ. ಆದರೆ ಅದು ಪಂಡಿತರು ತಿಳಿದ ದಾರಿಯಿಂದ ಬರಲಿಲ್ಲ. ಅದು ಪೊರಕೆಯ ದಾರಿಯಿಂದ ಬಂದಿತು.

ಚಿಕಿತ್ಸೆಗೆ ವೈದ್ಯೆ ಹಾಕಿದ ಕ್ರಮವನ್ನು ಇಲ್ಲಿ ಹೇಳಿದರೆ ಇತರ ಮನೆಗಳಿಗೂ ಉಪಯೋಗವಾದೀತು. ಬೆಕ್ಕಿಗೆಂದೇ ಮಾಡಿದ ಔಷಧದ ಹನಿಗಳನ್ನು ಅದರ ನಾಲಗೆ ಮುಟ್ಟಲಾರದ ಕುತ್ತಿಗೆಯ ಹಿಂಭಾಗದಲ್ಲಿ, ಚರ್ಮಕ್ಕೆ ತಗಲುವಂತೆ, ತಿಂಗಳಿಗೊಮ್ಮೆ ಹಾಕತಕ್ಕದ್ದು. ಮನೆಯಲ್ಲಿ ಬೇರೆ ಬೆಕ್ಕು ನಾಯಿಗಳಿದ್ದರೆ ಅವುಗಳಿಗೂ ತಕ್ಕ ಔಷಧವನ್ನು ಏಕಕಾಲದಲ್ಲಿ ಹಾಕತಕ್ಕದ್ದು. ಗೂಡಿನೊಳಗಿನ ಚಿಗಟವನ್ನು ಔಷಧವು ಮುಟ್ಟದಾದುದರಿಂದ ಎರಡು ಮೂರು ತಿಂಗಳವರೆಗೆ ಬಿಡಕೂಡದು. ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು, ಹಾಸಿಗೆಯನ್ನು ಬಿಸಿಲಿಗೆ ಹಾಕಿ, ನೆಲವನ್ನು ದಿನವೂ ಗುಡಿಸತಕ್ಕದ್ದು. ಇಷ್ಟರಿಂದ ಗುಣ ಕಾಣದಿದ್ದರೆ ಆಹಾರವನ್ನು ಪರೀಕ್ಷಿಸಬೇಕು. ಬೆಕ್ಕು ಹಿಂದೆ ತಿನ್ನದ ಒಂದೇ ಬಗೆಯ ಮಾಂಸಾಹಾರವನ್ನು ಎಂಟು ವಾರಗಳ ಕಾಲ, ನಡುವೆ ಬೇರೊಂದು ತುತ್ತನ್ನೂ ಕೊಡದೆ, ಕೊಟ್ಟು ನೋಡಬೇಕು.

ಮಾಡಬಾರದ ಕೆಲಸಗಳನ್ನು ಆಕೆ ಇನ್ನೂ ಒತ್ತಿ ಹೇಳಿದಳು. ಬೆಕ್ಕಿನ ಯಕೃತ್ತಿಗೆ ಕೆಲವು ವಸ್ತುಗಳನ್ನು ಅರಗಿಸಿ ಹೊರದೂಡುವ ಶಕ್ತಿ ಬಹಳ ಕಡಮೆ. ನಾಯಿಗಳ ಚಿಗಟಕ್ಕೆಂದು ಮಾರುವ ಪರ್ಮೆತ್ರಿನ್ ಎಂಬ ಔಷಧವು ಬೆಕ್ಕಿಗೆ ಪ್ರಾಣಾಂತಿಕ. ಮನುಷ್ಯರು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಗುಳಿಗೆ ಒಂದಾದರೂ ಬೆಕ್ಕನ್ನು ಕೊಲ್ಲಬಹುದು. ಕರ್ಪೂರವೂ ನಾಫ್ತಲೀನ್ ಗುಂಡುಗಳೂ ವಿಷ. ಫಿನೈಲಿನಿಂದ ತೊಳೆದ ನೆಲದ ಮೇಲೆ ನಡೆದ ಬೆಕ್ಕು ತನ್ನ ಪಾದವನ್ನು ನೆಕ್ಕಿಯೇ ವಿಷವನ್ನು ಸೇವಿಸುತ್ತದೆ. ಬೆಕ್ಕಿನ ಮೈಗೆ ಹಚ್ಚಿದುದೆಲ್ಲವೂ ಬೆಕ್ಕಿನ ಬಾಯಿಗೆ ಕೊಟ್ಟಂತೆಯೇ ಎಂಬುದನ್ನು ನೆನಪಿನಲ್ಲಿಟ್ಟರೆ ಈ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಕರ್ಪೂರದ ಹೆಸರು ಬಂದಾಗ ಪಂಡಿತರ ಮುಖವು ಬಾಡಿತು. ಅವರು ಅದನ್ನು ಬಚ್ಚಿಡದೆ ಹೇಳಿದರು. ಎರಡನೆಯ ಬಾರಿ ಹಚ್ಚದೆ ಇದ್ದುದು ಬೆಕ್ಕಿನ ಪುಣ್ಯವೆಂದು ವೈದ್ಯೆ ಉತ್ತರಕೊಟ್ಟಳು.

ಊರಿಗೆ ಹಿಂದಿರುಗಿದ ದಿನವೇ ತಂದೆ ಮಗಳು ಸೇರಿ ಆ ಕೋಣೆಯ ಕಿಟಕಿಗಳನ್ನು ತೆರೆದರು. ಹಾಸಿಗೆಯು ಮಹಡಿಗೆ ಹೋಯಿತು. ಮಂಚವನ್ನು ಸರಿಸಿ ಗುಡಿಸಿದಾಗ ಮೂಲೆಯಲ್ಲಿ ತಾಯಿಯ ಒಂದು ತಲೆಪಿನ್ನೂ ಅರ್ಧ ಕಟ್ಟಿದ ಹೂಬತ್ತಿಗಳ ಪೊಟ್ಟಣವೂ ಸಿಕ್ಕಿದುವು. ಅವನ್ನು ಪಂಡಿತರು ಎತ್ತಿಟ್ಟುಕೊಂಡರು. ಮಿಕ್ಕ ಧೂಳನ್ನು ಮಗಳು ಹೊರಕ್ಕೆ ಹಾಕಿದಳು.

ಎರಡು ತಿಂಗಳಲ್ಲಿ ಚಿನ್ನಿಯ ಹುಣ್ಣುಗಳು ಮಾಯ್ದು, ಹೊಟ್ಟೆಯ ಮೇಲೆ ಹತ್ತಿಯಂತಹ ಹೊಸ ಕೂದಲು ಹುಟ್ಟಿತು. ಆದರೆ ಒಳತೊಡೆಯ ಮೇಲೆ ಎರಡು ಬೆರಳಗಲದ ಸ್ಥಳವು ಮಾತ್ರ ಬೋಳಾಗಿಯೇ ಉಳಿಯಿತು. ವೈದ್ಯೆಯ ಮಾತಿನಂತೆ ಪಂಡಿತರು ಹಳೆಯ ಹಾಜರಿಪುಸ್ತಕವೊಂದರಲ್ಲಿ ಬೆಕ್ಕು ನೆಕ್ಕುವ ಹೊತ್ತನ್ನು ಬರೆದಿಡುತ್ತಿದ್ದರು. ಹದಿನೈದು ದಿನಗಳ ದಾಖಲೆಯನ್ನು ನೋಡಲಾಗಿ, ಅದು ಹೆಚ್ಚಾಗಿ ಸಂಜೆ ದೀಪ ಹಚ್ಚಿದ ಮೇಲಿನ ಅರ್ಧ ಗಂಟೆಯಲ್ಲಿ ಬೀಳುತ್ತಿತ್ತು. ಯಜಮಾನಿಯು ದೀಪ ಹಚ್ಚಿ, ನಡುಮನೆಯಲ್ಲಿ ಕುಳಿತು, ಬೆಕ್ಕನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ ಹೊತ್ತು ಅದು.

ಇದನ್ನು ಕೇಳಿ ವೈದ್ಯೆಯು, ಈಗ ಮನಸ್ಸಿನ ವಿಚಾರಕ್ಕೆ ಬರಬಹುದೆಂದಳು. ಎರಡು ಪ್ರವೃತ್ತಿಗಳ ನಡುವೆ ಸಿಕ್ಕಿ ಯಾವುದನ್ನೂ ನೆರವೇರಿಸಲಾರದ ಪ್ರಾಣಿಯು ಸಂಬಂಧವಿಲ್ಲದ ಮೂರನೆಯ ಕೆಲಸಕ್ಕೆ ತೊಡಗುವುದನ್ನು ನಿಕೊ ಟಿನ್ಬರ್ಗನ್ ಎಂಬ ಡಚ್ ವಿದ್ವಾಂಸನು 1940ರಲ್ಲಿ ವಿವರಿಸಿದ್ದನು. ಪ್ರಾಣಿಗಳ ನಡತೆಯ ಪರಿಶೋಧನೆಗಾಗಿ 1973ರಲ್ಲಿ ನೊಬೆಲ್ ಬಹುಮಾನ ಪಡೆದ ಮೂವರಲ್ಲಿ ಅವನೊಬ್ಬ. ಮೇಜಿನಿಂದ ಹಾರಲು ಹೋಗಿ ಬಿದ್ದ ಬೆಕ್ಕು ಏನೂ ಆಗಲಿಲ್ಲವೆಂಬಂತೆ ಪಾದವನ್ನು ನೆಕ್ಕುವುದು ಈ ಜಾತಿಯದೆಂದು ಹೇಳಬಹುದು. ಹೊಸ ಪ್ರಾಣಿ ಮನೆಗೆ ಬಂದಾಗ, ಮನೆಯನ್ನು ಬದಲಿಸಿದಾಗ, ಬಳಕೆಯ ಮನುಷ್ಯರು ಇಲ್ಲದೆ ಹೋದಾಗ ಆ ಕಳವಳವು ದಿನವೂ ಮರುಕಳಿಸಿ, ಕ್ಷಣಕಾಲದ ನೆಕ್ಕುವಿಕೆಯು ಬಿಡದ ಚಟವಾಗಬಲ್ಲದು.

ಇದಕ್ಕೆ ಗದರಿಕೆಯು ಮದ್ದಲ್ಲ. ಹೆದರಿದ ಬೆಕ್ಕು ಮರೆಗೆ ಹೋಗಿ ಇನ್ನಷ್ಟು ನೆಕ್ಕುತ್ತದೆ. ಕೊರಳಿಗೆ ಪಟ್ಟಿ ಕಟ್ಟಿದರೆ ನಾಲಗೆ ನಿಲ್ಲುತ್ತದೆ, ಕಳವಳ ನಿಲ್ಲದು. ಆ ಹೊತ್ತಿಗೆ ಬೇರೆ ಕೆಲಸವನ್ನು ಕಲ್ಪಿಸುವುದೇ ಉಪಾಯ. ಊಟವು ಗೊತ್ತಾದ ಹೊತ್ತಿಗೆ, ಸ್ವಲ್ಪಸ್ವಲ್ಪವಾಗಿ, ಹುಡುಕಿ ತಿನ್ನುವಂತಿರಬೇಕು. ಕಿಟಕಿಯ ಬಳಿ ಎತ್ತರದಲ್ಲಿ ಕೂರುವ ಹಲಗೆಯೂ, ಯಾರೂ ತೊಂದರೆಪಡಿಸದ ಅಡಗುತಾಣವೂ ಇರಬೇಕು. ದಿನವೂ ಬೇಟೆಯಂತಹ ಆಟವಿರಬೇಕು. ಇವುಗಳಿಂದಲೂ ಆಗದಿದ್ದರೆ ಫ್ಲುಆಕ್ಸೆಟಿನ್, ಕ್ಲೋಮಿಪ್ರಮಿನ್ ಮೊದಲಾದ ಔಷಧಗಳುಂಟು. ಅವನ್ನು ಪಶುವೈದ್ಯರು ಗೊತ್ತುಮಾಡಿದ ಪ್ರಮಾಣದಲ್ಲಿಯೇ ಕೊಡಬೇಕು.

ಚಿನ್ನಿಗೆ ಔಷಧವು ಬೇಕಾಗಲಿಲ್ಲ. ದೀಪ ಹಚ್ಚಿದ ಮೇಲೆ ಪಂಡಿತರು ಕೋಳಿಗರಿಯೊಂದನ್ನು ದಾರಕ್ಕೆ ಕಟ್ಟಿ ನಡುಮನೆಯಲ್ಲಿ ಎಳೆದಾಡತೊಡಗಿದರು. ಕೋಳಿಗರಿಯು ಆ ಮನೆಗೆ ಬಂದುದು ಅದೇ ಮೊದಲು. ಎಪ್ಪತ್ತು ದಾಟಿದ ವಿದ್ವಾಂಸರು ಗರಿಯನ್ನೆಳೆಯುತ್ತ ಕಂಬವನ್ನು ಸುತ್ತುವುದನ್ನು ಕಂಡು ಪಾಠಕ್ಕೆ ಬಂದ ಹುಡುಗರು ನಕ್ಕರು. ಆಮೇಲೆ ತಾವೂ ಸರದಿ ಕೇಳಿದರು. ತೆಂಗಿನ ಕರಟಗಳ ಕೆಳಗೆ ತಿಂಡಿಯ ಚೂರುಗಳನ್ನು ಬಚ್ಚಿಡುವ ಕೆಲಸವು ಹುಡುಗರದಾಯಿತು. ಆಟವಾಡಿ ದಣಿದ ಬೆಕ್ಕು ಪಂಡಿತರ ತೊಡೆಯ ಮೇಲೆ ಮಲಗುವುದು ವಾಡಿಕೆಯಾಯಿತು. ಆ ವರ್ಷ ನಾಲ್ಕನೆಯ ಅಂಕವನ್ನು ಪಾಠ ಹೇಳುವಾಗ ಪಂಡಿತರು ಹುಡುಗರಿಗೆ, ಜಿಂಕೆಯು ಮೇವನ್ನು ಬಿಟ್ಟುದು ದುಃಖದಿಂದಲೇ ಸರಿ, ಆದರೆ ಕಣ್ವರು ಅದರ ಹಲ್ಲನ್ನೂ ಒಮ್ಮೆ ನೋಡಿದ್ದರೆ ತಪ್ಪೇನೂ ಆಗುತ್ತಿರಲಿಲ್ಲವೆಂದು ಹೇಳಿದರಂತೆ.

ಬೆಕ್ಕು ನೆಕ್ಕುವುದೆಲ್ಲವೂ ರೋಗವೆಂದು ಇದರಿಂದ ಯಾರೂ ತಿಳಿಯಬಾರದು. ಉಂಡ ಮೇಲೆ, ನಿದ್ದೆಯಿಂದೆದ್ದ ಮೇಲೆ ಮುಖದಿಂದ ಬಾಲದವರೆಗೆ ಕ್ರಮವಾಗಿ ನೆಕ್ಕಿ, ಕರೆದರೆ ನಿಲ್ಲಿಸಿ ಬರುವ ಬೆಕ್ಕು ಆರೋಗ್ಯದಿಂದಿದೆ. ಊಟ, ಆಟ, ನಿದ್ದೆಗಳನ್ನು ಬಿಟ್ಟು ಒಂದೇ ಸ್ಥಳವನ್ನು ನೆಕ್ಕುವ ಬೆಕ್ಕನ್ನೂ, ನೆಕ್ಕಿದಲ್ಲಿ ಕೂದಲು ಮುರಿದು ಚರ್ಮ ಕಾಣುವ ಬೆಕ್ಕನ್ನೂ ವೈದ್ಯರಿಗೆ ತೋರಿಸಬೇಕು. ಎಂದಿನಂತೆ ನೆಕ್ಕುತ್ತಿದ್ದ ಬೆಕ್ಕು ನೆಕ್ಕುವುದನ್ನೇ ಬಿಟ್ಟರೆ ಅದೂ ರೋಗದ ಗುರುತು.

ಪಂಡಿತರ ಮನೆಯಲ್ಲಿ ಈಗಲೂ ಶನಿವಾರ ಹಾಸಿಗೆಗಳು ಬಿಸಿಲಿಗೆ ಹೋಗುತ್ತವೆ. ಹೊರುವ ಕೆಲಸಕ್ಕೆ ಒಬ್ಬ ಹುಡುಗನು ನೆರವಾಗುತ್ತಾನೆ. ಮಂಚದ ಕೆಳಗೆ ಗುಡಿಸುವುದನ್ನು ಮಾತ್ರ ಪಂಡಿತರು ಬೇರೆಯವರಿಗೆ ಬಿಡುವುದಿಲ್ಲ. ಹಾಸಿಗೆಯನ್ನು ಹರಡಿದ ಕೂಡಲೆ ಚಿನ್ನಿಯು ಅದರ ನಡುವೆ ಹೋಗಿ ಕುಳಿತು, ಮುಂಗಾಲನ್ನು ನಾಲ್ಕು ಸಲ ನೆಕ್ಕಿ, ಮುಖವನ್ನು ಒರೆಸಿಕೊಂಡು, ಬಿಸಿಲಿನಲ್ಲಿ ನಿದ್ದೆಹೋಗುತ್ತದೆ.